ಎರಡು ಗುಳಗಿ, ನಾಲ್ಕು ಔಷಧ: ಆನ್‌ಲೈನ್ ತೂಕ ಇಳಿಕೆ ಚಿಕಿತ್ಸೆಯೊಂದು ಏಳನೇ ವಾರ ಆಸ್ಪತ್ರೆ ತಲುಪಿದ ಬಗೆ

"ಬೇರೆ ಮಾತ್ರೆ ಏನಾದರೂ ತಗೋತೀರಾ ಮೇಡಂ?"

"ಶುಗರಿಗೆ ಒಂದು ಗುಳಗಿ, ಬಿಪಿಗೆ ಒಂದ್ರಿ."

ಆರು ನಿಮಿಷದ ವಿಡಿಯೊ ಕರೆಯಲ್ಲಿ ಹಳೆಯ ಔಷಧಗಳ ಬಗ್ಗೆ ನಡೆದ ಮಾತು ಇಷ್ಟೇ. ಈ ಎರಡು ಸಾಲುಗಳಿಂದ ಏಳು ವಾರಗಳ ಬಳಿಕದ ತುರ್ತು ವಿಭಾಗದವರೆಗೆ ಏನೇನಾಯಿತು ಎಂಬುದೇ ಈ ಪ್ರಕರಣ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಇಲ್ಲಿರುವ ಮಹಿಳೆ ಯಾರೋ ಒಬ್ಬ ನಿರ್ದಿಷ್ಟ ರೋಗಿಯಲ್ಲ. ಕಲಿಕೆಗೆಂದು ಹೆಣೆದ ಮಾದರಿ ಪ್ರಕರಣವಿದು. ಔಷಧ, ಪ್ರಮಾಣ, ನಿಯಮ, ಸಂಶೋಧನೆಯ ಅಂಕಿಗಳು ಮಾತ್ರ ಇರುವಂಥವೇ.

ವ್ಯಕ್ತಿ ಮತ್ತು ಹಿನ್ನೆಲೆ

ವಯಸ್ಸು 46, ರಾಯಚೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ, ಸಸ್ಯಾಹಾರಿ. ಎತ್ತರ 157 ಸೆಂ.ಮೀ., ತೂಕ 86 ಕೆ.ಜಿ., ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 34.9. ಸೊಂಟದ ಸುತ್ತಳತೆ 104 ಸೆಂ.ಮೀ. ಭಾರತೀಯ ಹೆಂಗಸರಿಗೆ 80 ದಾಟಿದರೇ ಎಚ್ಚರಿಕೆ. ಐದು ವರ್ಷದಿಂದ ಟೈಪ್ 2 ಮಧುಮೇಹ, ಮೂರು ವರ್ಷದಿಂದ ಬಿಪಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 7.2, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 0.9, ಥೈರಾಯ್ಡ್ ಪರೀಕ್ಷೆ ಟಿಎಸ್‌ಎಚ್ ಸರಿಯಿದೆ, ಲಿವರ್‌ನಲ್ಲಿ ಕೊಬ್ಬು.

ಅಂದರೆ ಶುಗರ್ ಅಷ್ಟೇನೂ ಕೆಟ್ಟಿರಲಿಲ್ಲ. ಮೇಲುನೋಟಕ್ಕೆ ಸಮಾಧಾನ ಕೊಡುವ ಈ 7.2ರಲ್ಲೇ ಅಪಾಯದ ಬೀಜವಿತ್ತು. ಎಚ್‌ಬಿಎ1ಸಿ 9 ಇದ್ದವರಿಗೆ ಸಕ್ಕರೆ ಇಳಿಯಲು ಜಾಗವಿರುತ್ತದೆ. 7.2 ಇದ್ದು, ಜೊತೆಗೆ ಸಕ್ಕರೆಯನ್ನು ಬಲವಂತವಾಗಿ ಇಳಿಸುವ ಮಾತ್ರೆಯೂ ಇದ್ದರೆ ಜಾಗ ಬಹಳ ಕಡಿಮೆ.

ಆನ್‌ಲೈನ್ ಕಾರ್ಯಕ್ರಮವನ್ನು ಆಯ್ದುಕೊಂಡ ಕಾರಣ ಸರಳ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹುಡುಕಿಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬರಲು ರಜೆ ಸಿಗುವುದಿಲ್ಲ. ಫೋನಿನಲ್ಲಿ ಫಾರಂ ತುಂಬಿದರೆ ಮನೆಗೇ ಬಂದು ರಕ್ತ ತೆಗೆಯುತ್ತಾರೆ, ವೈದ್ಯರು ವಿಡಿಯೊದಲ್ಲಿ ಮಾತಾಡುತ್ತಾರೆ, ಔಷಧ ಕೊರಿಯರ್‌ನಲ್ಲಿ ಬರುತ್ತದೆ. ಈ ವ್ಯವಸ್ಥೆಯೇ ತಪ್ಪು ಎಂದು ವಾದಿಸುವುದು ಸುಲಭ, ಆದರೆ ಅನ್ಯಾಯ. ಜಿಲ್ಲಾ ಕೇಂದ್ರಗಳಲ್ಲಿರುವವರಿಗೆ ಇದು ನಿಜವಾದ ಅನುಕೂಲ.

ಎರಡು ಗುಳಗಿಗಳ ಹಿಂಬದಿ

ಶುಗರಿನ 'ಒಂದು ಗುಳಗಿ'ಯ ಸ್ಟ್ರಿಪ್ ತಿರುಗಿಸಿದರೆ ಎರಡು ಹೆಸರುಗಳಿದ್ದವು: ಗ್ಲಿಮೆಪಿರೈಡ್ 2 ಮಿ.ಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ ನುಂಗುತ್ತಿದ್ದರಿಂದ ಗ್ಲಿಮೆಪಿರೈಡ್ ಒಟ್ಟು 4 ಮಿ.ಗ್ರಾಂ ಆಗುತ್ತಿತ್ತು. ಬಿಪಿಯ ಗುಳಗಿಯಲ್ಲೂ ಎರಡು: ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಮಿ.ಗ್ರಾಂ. ನಮ್ಮ ದೇಶದಲ್ಲಿ ಇಂಥ ಜೋಡಿ ಮಾತ್ರೆಗಳೇ ಹೆಚ್ಚು ಓಡುತ್ತವೆ. ರೋಗಿಗೆ ಅದು ಒಂದೇ ಮಾತ್ರೆ, ಒಂದೇ ಬ್ರ್ಯಾಂಡ್ ಹೆಸರು. ಆ ಹೆಸರಿನ ಕೊನೆಗೆ ಅಂಟಿಕೊಂಡ ಒಂದು ಅಕ್ಷರ, ಒಂದು ಅಂಕಿಯಲ್ಲಿ ಎರಡನೇ ಔಷಧ ಅಡಗಿ ಕುಳಿತಿರುತ್ತದೆ.

ಫಾರಂನಲ್ಲಿ 'ಮಧುಮೇಹದ ಔಷಧ' ಎಂಬಲ್ಲಿ ನಾಲ್ಕು ಆಯ್ಕೆಗಳಿದ್ದವು. ಅವರು ಕೇಳಿ ಗೊತ್ತಿದ್ದ 'ಮೆಟ್‌ಫಾರ್ಮಿನ್' ಒತ್ತಿದರು. ಸುಳ್ಳೇನೂ ಹೇಳಲಿಲ್ಲ. ಅರ್ಧ ಮಾತ್ರ ಹೇಳಿದರು, ಉಳಿದರ್ಧ ಅವರಿಗೇ ಗೊತ್ತಿರಲಿಲ್ಲ.

ಈ ನಾಲ್ಕರಲ್ಲಿ ಗ್ಲಿಮೆಪಿರೈಡ್ ಯಾಕೆ ಮುಖ್ಯ? ಅದು ಸಲ್ಫೋನಿಲ್‌ಯೂರಿಯ ಗುಂಪಿಗೆ ಸೇರಿದ್ದು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತದೆ. ಊಟ ಮಾಡಿದರೂ ಹಿಂಡುತ್ತದೆ, ಬಿಟ್ಟರೂ ಹಿಂಡುತ್ತದೆ. ಜೊತೆಗೆ ತೂಕವನ್ನೂ ಒಂದೆರಡು ಕೆ.ಜಿ. ಏರಿಸುವ ಮಾತ್ರೆ ಅದು. ತೂಕ ಇಳಿಸಲು ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಿದ್ದವರು ದಿನಕ್ಕೆರಡು ಬಾರಿ ತೂಕ ಏರಿಸುವ ಔಷಧವನ್ನೂ ನುಂಗುತ್ತಿದ್ದರು. ಇಂಜೆಕ್ಷನ್ ಬರೆಯುವುದಕ್ಕೆ ಮುಂಚೆಯೇ ಕಾಣಬೇಕಿದ್ದ ಸಂಗತಿ ಇದು.

ಬರೆದುಕೊಟ್ಟದ್ದು

ಟಿರ್ಜೆಪಟೈಡ್, ವಾರಕ್ಕೊಮ್ಮೆ 2.5 ಮಿ.ಗ್ರಾಂ, ನಾಲ್ಕು ವಾರ. ನಂತರ 5 ಮಿ.ಗ್ರಾಂ. 'ಉಳಿದ ಮಾತ್ರೆಗಳನ್ನು ಮುಂದುವರಿಸಿ.' 1,200 ಕ್ಯಾಲರಿಯ ಆಹಾರಪಟ್ಟಿ.

ಔಷಧದ ಆಯ್ಕೆಯನ್ನು ದೂರುವಂತಿಲ್ಲ. ಜಿಐಪಿ ಮತ್ತು ಜಿಎಲ್‌ಪಿ-1 ಎಂಬ ಎರಡು ಕರುಳಿನ ಹಾರ್ಮೋನುಗಳ ಕೆಲಸವನ್ನು ಅನುಕರಿಸುವ ಔಷಧವಿದು. ಹಸಿವು ಕುಗ್ಗಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಹೆಚ್ಚಿಸುತ್ತದೆ. ಹಾಗಾಗಿ ಇದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಕುಸಿಯುವುದು ಅಪರೂಪ. ಭಾರತಕ್ಕೆ ಮೌಂಜಾರೊ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಬಂತು. ಮೊದಲು ಬಂದದ್ದು ಒಂದೇ ಡೋಸ್ ಇರುವ ಪುಟ್ಟ ವಯಲ್: 2.5 ಮಿ.ಗ್ರಾಂನದ್ದಕ್ಕೆ 3,500 ರೂಪಾಯಿ, 5 ಮಿ.ಗ್ರಾಂನದ್ದಕ್ಕೆ 4,375. ಆ ಬೆಲೆಯಲ್ಲಿ ಮೊದಲ ತಿಂಗಳಿಗೆ 14,000, ಎರಡನೆಯದಕ್ಕೆ 17,500 ರೂಪಾಯಿ.

ನಿರೀಕ್ಷೆ ಎಷ್ಟಿರಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಜಾಹೀರಾತಿನಲ್ಲಿ ಕಾಣುವ 20 ಪ್ರತಿಶತ ಇಳಿಕೆ ಬಂದದ್ದು ಮಧುಮೇಹ ಇಲ್ಲದವರ ಮೇಲೆ ನಡೆದ ಸರ್ಮೌಂಟ್-1 ಅಧ್ಯಯನದಿಂದ: 72 ವಾರ, 15 ಮಿ.ಗ್ರಾಂ, ಸರಾಸರಿ 20.9 ಪ್ರತಿಶತ. ಮಧುಮೇಹ ಇದ್ದವರ ಸರ್ಮೌಂಟ್-2ರಲ್ಲಿ ಅದೇ 72 ವಾರಕ್ಕೆ 10 ಮಿ.ಗ್ರಾಂನಲ್ಲಿ 12.8, 15 ಮಿ.ಗ್ರಾಂನಲ್ಲಿ 14.7. ಶಿಕ್ಷಕಿ ಎರಡನೇ ಗುಂಪಿನವರು. ಮೊದಲ ಗುಂಪಿನ ಅಂಕಿ ಮನಸ್ಸಿನಲ್ಲಿಟ್ಟುಕೊಂಡವರಿಗೆ ಡೋಸ್ ಬೇಗ ಏರಿಸುವ ಆತುರ ಹುಟ್ಟುತ್ತದೆ.

ಬೇರೆ ದಾರಿಗಳೂ ಇದ್ದವು. ಗ್ಲಿಮೆಪಿರೈಡ್ ನಿಲ್ಲಿಸಿ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್ ಮಾತ್ರೆ ಹಾಕಿದ್ದರೆ ಎರಡು-ಮೂರು ಕೆ.ಜಿ. ತಾನಾಗಿ ಇಳಿಯುತ್ತಿತ್ತು, ಖರ್ಚು ಇಂಜೆಕ್ಷನ್ನಿನ ಒಂದು ಸಣ್ಣ ಪಾಲು. ಜಿಎಲ್‌ಪಿ-1ನ್ನೇ ಅನುಕರಿಸುವ ಸೆಮಾಗ್ಲುಟೈಡ್ ಮಾತ್ರೆಯೂ ಇದೆ. ಆದರೆ ಅದನ್ನು ಬರಿ ಹೊಟ್ಟೆಯಲ್ಲಿ ಅರ್ಧ ಲೋಟಕ್ಕಿಂತ ಹೆಚ್ಚಿಲ್ಲದ ನೀರಿನಲ್ಲಿ ನುಂಗಿ ಅರ್ಧ ಗಂಟೆ ಏನೂ ಮುಟ್ಟಬಾರದು. ಎದ್ದ ಕೂಡಲೇ ಚಹಾ ಕುಡಿಯುವ ಮನೆಯಲ್ಲಿ ಈ ಶಿಸ್ತು ಮೂರನೇ ದಿನಕ್ಕೆ ಮುರಿಯುತ್ತದೆ, ಮಾತ್ರೆ ಹೀರಿಕೊಳ್ಳುವುದಿಲ್ಲ. ಓರ್ಲಿಸ್ಟಾಟ್ ಊಟದ ಕೊಬ್ಬನ್ನು ತಡೆಯುತ್ತದೆ, ಎಣ್ಣೆ ಪದಾರ್ಥ ತಿಂದ ದಿನ ಶೌಚಾಲಯದಲ್ಲಿ ಅದಕ್ಕೆ ದಂಡ ತೆರಬೇಕು. ಇನ್ನು ಮಧುಮೇಹ ಇರುವ ಭಾರತೀಯರಿಗೆ ಬಿಎಂಐ 32.5 ದಾಟಿದರೆ ಬೇರಿಯಾಟ್ರಿಕ್ (ತೂಕ ಇಳಿಸಲು ಜಠರದ ಮೇಲೆ ಮಾಡುವ) ಶಸ್ತ್ರಚಿಕಿತ್ಸೆಯೂ ಪರಿಗಣನೆಗೆ ಬರುತ್ತದೆ. ಅದನ್ನು ಬೇಡವೆನ್ನಲು ನೂರು ಕಾರಣ ಇರಬಹುದು. ಪ್ರಸ್ತಾಪವೇ ಆಗದಿರಲು ಮಾತ್ರ ಕಾರಣವಿಲ್ಲ.

ಥೈರಾಯ್ಡ್‌ನ ಮೆಡ್ಯುಲರಿ ಕ್ಯಾನ್ಸರ್ ಮನೆತನದಲ್ಲಿ ಯಾರಿಗಾದರೂ ಇತ್ತೇ, ಹಿಂದೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿತ್ತೇ ಎಂಬ ಪ್ರಶ್ನೆಗಳು ಫಾರಂನಲ್ಲಿದ್ದವು. ಒಳ್ಳೆಯದೇ. ಕಣ್ಣಿನ ಪರದೆಯ ಪರೀಕ್ಷೆ ಯಾವಾಗ ಆಗಿತ್ತು ಎಂಬುದಿರಲಿಲ್ಲ. ಡಯಾಬಿಟಿಕ್ ರೆಟಿನೋಪತಿ (ಮಧುಮೇಹದಿಂದ ಕಣ್ಣಿನ ಪರದೆಗೆ ಆಗುವ ಹಾನಿ) ಇದ್ದವರಲ್ಲಿ ಸಕ್ಕರೆ ಸರ್ರನೆ ಇಳಿದಾಗ ಅದು ಉಲ್ಬಣಿಸಬಹುದು. ಇವರ ಕಣ್ಣನ್ನು ಮೂರು ವರ್ಷದಿಂದ ಯಾರೂ ನೋಡಿರಲಿಲ್ಲ.

ಡಬ್ಬಿ ಬಂದ ದಿನ

ಏಪ್ರಿಲ್ ಮೊದಲ ವಾರ. ಶುಕ್ರವಾರ ಬೆಂಗಳೂರು ಬಿಟ್ಟ ಥರ್ಮೊಕೋಲ್ ಡಬ್ಬಿ ಸೋಮವಾರ ಮಧ್ಯಾಹ್ನ ರಾಯಚೂರಿನ ಬಾಗಿಲಿಗೆ ಬಂತು. ಒಳಗಿನ ಜೆಲ್ ಪ್ಯಾಕ್ ಕರಗಿ ಬೆಚ್ಚಗಾಗಿತ್ತು. ಉಷ್ಣತೆ ದಾಖಲಿಸುವ ಪಟ್ಟಿ ಇರಲಿಲ್ಲ.

ಈ ಔಷಧ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ಜಿನ ಹೊರಗೆ ಗರಿಷ್ಠ 21 ದಿನ ಇಡಬಹುದು, ಆದರೆ 30 ಡಿಗ್ರಿ ಮೀರಬಾರದು. ಬೇಸಿಗೆಯಲ್ಲಿ 40 ದಾಟುವ ಊರಿನಲ್ಲಿ, ವಾರಾಂತ್ಯವಿಡೀ ಕೊರಿಯರ್ ಗೋದಾಮಿನಲ್ಲಿ ಕೂತ ಡಬ್ಬಿಗೆ ಆ 21 ದಿನದ ರಿಯಾಯಿತಿ ಅನ್ವಯಿಸುವುದೇ ಇಲ್ಲ. ಸಹಾಯವಾಣಿ ಹೇಳಿದ್ದು: "ಫ್ರಿಜ್‌ನಲ್ಲಿ ಇಟ್ಟುಬಿಡಿ ಮೇಡಂ, ಏನೂ ಆಗಲ್ಲ." ಬಿಸಿಗೆ ಕೆಟ್ಟ ಪೆಪ್ಟೈಡ್ ಔಷಧ ಮತ್ತೆ ತಂಪು ಮಾಡಿದರೆ ಸರಿಹೋಗುವುದಿಲ್ಲ, ನೋಡಲು ಮಾತ್ರ ಮೊದಲಿನಂತೆಯೇ ತಿಳಿಯಾಗಿರುತ್ತದೆ. ಸರಿಯಾದ ಉತ್ತರ ಒಂದೇ ಇತ್ತು: ಡಬ್ಬಿ ತೆರೆದ ಕ್ಷಣದಲ್ಲೇ ಫೋಟೊ ತೆಗೆಯಿರಿ, ಬಳಸಬೇಡಿ, ಬದಲಿ ಕಳಿಸುತ್ತೇವೆ. ಸೋಮವಾರ ಬೆಳಿಗ್ಗೆ ಹೊರಟು ಮಂಗಳವಾರ ಮುಟ್ಟುವಂತೆ ಆರ್ಡರ್ ಹಾಕಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಒಂಟಿ ಬಾಗಿಲಿನ ಫ್ರಿಜ್ ಇರುವವರು ಇನ್ನೊಂದು ನೆನಪಿಡಬೇಕು: ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿಟ್ಟರೆ ವಯಲ್ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ನಡುವಿನ ಅರೆಯಲ್ಲಿ, ಹಿಂಬದಿಯ ಗೋಡೆಗೆ ತಾಗದಂತೆ ಇಡುವುದು ಕ್ಷೇಮ.

ಸಿರಿಂಜ್ ವಿಚಾರ ಇನ್ನೂ ತಮಾಷೆಯದು, ಅಥವಾ ತಮಾಷೆಯಲ್ಲದ್ದು. ಕೈಪಿಡಿಯಲ್ಲಿ '50 ಯೂನಿಟ್ ಎಳೆಯಿರಿ' ಎಂದಿತ್ತು. ಮೆಡಿಕಲ್ ಶಾಪ್‌ನಲ್ಲಿ 'ಇನ್ಸುಲಿನ್ ಸಿರಿಂಜ್' ಕೇಳಿದಾಗ ಕೊಟ್ಟದ್ದು ಕೆಂಪು ಮುಚ್ಚಳದ್ದು. ಅದರಲ್ಲಿ 40ಕ್ಕೇ ಗೆರೆಗಳು ಮುಗಿಯುತ್ತವೆ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಓಡುತ್ತವೆ. ಕೆಂಪು ಮುಚ್ಚಳದ ಯು-40ರಲ್ಲಿ 1 ಮಿ.ಲೀ. ಅಂದರೆ 40 ಗೆರೆ. ಕಿತ್ತಳೆ ಮುಚ್ಚಳದ ಯು-100ರಲ್ಲಿ 1 ಮಿ.ಲೀ. ಅಂದರೆ 100 ಗೆರೆ. ಟಿರ್ಜೆಪಟೈಡ್ ವಯಲ್‌ನಲ್ಲಿ 2.5 ಆಗಲಿ 5 ಮಿ.ಗ್ರಾಂ ಆಗಲಿ, ದ್ರವ 0.5 ಮಿ.ಲೀ. ಮಾತ್ರ. ಯು-100ರಲ್ಲಿ ಅದು 50ನೇ ಗೆರೆ, ಯು-40ರಲ್ಲಿ 20ನೆಯದು. 'ಯೂನಿಟ್' ಎಂಬುದು ಇನ್ಸುಲಿನ್ ಅಳೆಯುವ ಮಾತು, ಈ ಔಷಧಕ್ಕೆ ಅದಕ್ಕೆ ಅರ್ಥವೇ ಇಲ್ಲ. ಕೈಪಿಡಿಯಲ್ಲಿ 'ಅರ್ಧ ಮಿ.ಲೀ.' ಎಂದು ಬರೆದು, ಕಿತ್ತಳೆ ಮುಚ್ಚಳದ ಅರ್ಧ ಮಿ.ಲೀ. ಸಿರಿಂಜನ್ನು ಡಬ್ಬಿಯಲ್ಲೇ ಹಾಕಿದ್ದರೆ ಮುಗಿಯುತ್ತಿತ್ತು.

ಇವರು ವಯಲ್ ಪೂರ್ತಿ ಎಳೆದು ಹೊಟ್ಟೆಗೆ ಚುಚ್ಚಿಕೊಂಡರು. ಒಂದೇ ಡೋಸಿನ ವಯಲ್ ಆದ್ದರಿಂದ ತಪ್ಪಿಗೆ ಮಿತಿ ಇತ್ತು. ಹಣ ಉಳಿಸಲು 5 ಮಿ.ಗ್ರಾಂನ ವಯಲ್ ಕೊಂಡು ಎರಡು ವಾರ ಹಂಚಿಕೊಳ್ಳುವವರ ಕೈಯಲ್ಲಿ ಇದೇ ಗೊಂದಲ ಡೋಸನ್ನು ದುಪ್ಪಟ್ಟು ಮಾಡುತ್ತದೆ. ಹಾಗೆ ಹಂಚಿಕೊಳ್ಳುವುದೂ ಸಲ್ಲದು: ಆ ವಯಲ್ ಒಮ್ಮೆ ಚುಚ್ಚಿದ ಮೇಲೆ ಇಟ್ಟುಕೊಳ್ಳಲು ಮಾಡಿದ್ದಲ್ಲ.

ವಾರದಿಂದ ವಾರಕ್ಕೆ

ಬಿಸಿಗೆ ಸಿಕ್ಕಿದ್ದರೂ ಔಷಧ ಸತ್ತಿರಲಿಲ್ಲ ಎನ್ನುವುದಕ್ಕೆ ಅವರ ಹಸಿವೇ ಸಾಕ್ಷಿ. ಮೂರು ಜೋಳದ ರೊಟ್ಟಿಯ ಜಾಗದಲ್ಲಿ ಒಂದು. ರಾತ್ರಿ ಹಲವು ದಿನ ಒಂದು ಬಟ್ಟಲು ಮಜ್ಜಿಗೆ. ಗುಳಗಿ ಮಾತ್ರ ತಪ್ಪದೆ ಎರಡು ಹೊತ್ತು.

ಒಂಬತ್ತನೇ ದಿನ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಬೆಳಿಗ್ಗೆ ಹನ್ನೊಂದೂವರೆಗೆ ಕೈ ನಡುಕ, ಬೆವರು. ಬಿಸಿಲೆಂದುಕೊಂಡರು. ಪಕ್ಕದವರು ಬಿಸ್ಕತ್ತು ಕೊಟ್ಟರು, ಸರಿಹೋಯಿತು. ಬಿಸ್ಕತ್ತಿಗೆ ಸರಿಹೋದ ನಡುಕ ಬಿಸಿಲಿನದ್ದಾಗಿರಲಿಕ್ಕಿಲ್ಲ.

ಮೂರನೇ ವಾರ ಸಂಜೆ ನಾಲ್ಕೂವರೆಗೆ ಗ್ಲುಕೋಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗಿದ್ದರೆ ಹೈಪೋಗ್ಲೈಸೀಮಿಯ, ಅಂದರೆ ಸಕ್ಕರೆ ಕುಸಿತ. ಆ ಅಂಕಿಯ ಫೋಟೊ ಕಳಿಸಿದಾಗ ಕಾರ್ಯಕ್ರಮದ 'ಕೋಚ್' ಐದು ಗಂಟೆಯ ಮೇಲೆ ಬರೆದದ್ದು: "ಔಷಧ ಕೆಲಸ ಮಾಡ್ತಾ ಇದೆ ಮೇಡಂ. ಸ್ವಲ್ಪ ಸ್ವಲ್ಪ ಆಗಾಗ ತಿನ್ನಿ." ಸಂದೇಶ ವೈದ್ಯರಿಗೆ ಹೋಗಲೇ ಇಲ್ಲ. ಈ ಇಡೀ ಪ್ರಕರಣದಲ್ಲಿ ತಡೆಯಬಹುದಾಗಿದ್ದ ಕ್ಷಣ ಯಾವುದು ಎಂದರೆ ಇದೇ. 58 ಎಂಬ ಅಂಕಿ ಬಂದ ಕೂಡಲೇ ಕೇಳಬೇಕಾದದ್ದು ಒಂದೇ ಪ್ರಶ್ನೆ: 'ನಿಮ್ಮ ಶುಗರ್ ಮಾತ್ರೆಯ ಸ್ಟ್ರಿಪ್ ಹಿಂಬದಿಯ ಫೋಟೊ ಕಳಿಸಿ.' ಮೆಟ್‌ಫಾರ್ಮಿನ್ ಮತ್ತು ಟಿರ್ಜೆಪಟೈಡ್ ಎರಡೇ ಇದ್ದರೆ 58 ಬರುವುದು ಕಷ್ಟ. ಬಂದಿದೆ ಎಂದರೆ ಮೂರನೆಯದೊಂದು ಎಲ್ಲೋ ಇದೆ.

ಐದನೇ ವಾರ 5 ಮಿ.ಗ್ರಾಂನ ನಾಲ್ಕು ವಯಲ್ ತಾನಾಗಿ ಬಂದವು. ನಡುವೆ ವೈದ್ಯರ ಕರೆ ಇರಲಿಲ್ಲ. ಕನಿಷ್ಠ ನಾಲ್ಕು ವಾರ ಆದ ಮೇಲೆ ಡೋಸ್ ಏರಿಸಬಹುದು ಎಂದು ಕೈಪಿಡಿ ಹೇಳುತ್ತದೆ. ನಾಲ್ಕು ವಾರ ಆದ ಕೂಡಲೇ ಏರಿಸಲೇಬೇಕು ಎಂದು ಆಪ್‌ನ ಕ್ಯಾಲೆಂಡರ್ ಅದನ್ನು ಓದಿಕೊಂಡಿತ್ತು. ಆರನೇ ವಾರ ತೂಕ 82.1. ಪರದೆಯ ಮೇಲೆ ಪದಕ ಬಂತು.

ಏಳನೇ ವಾರ ಮಂಗಳವಾರ ಇಂಜೆಕ್ಷನ್, ಗುರುವಾರ ಸಂಬಂಧಿಕರ ಮದುವೆ. ಹೋಳಿಗೆ, ತುಪ್ಪ, ಬಜ್ಜಿ, ಹೊರಗೆ ಮೇ ತಿಂಗಳ ಬಿಸಿಲು. ಹೊಟ್ಟೆ ನಿಧಾನ ಖಾಲಿಯಾಗುವಾಗ ಎಣ್ಣೆ-ತುಪ್ಪದ ಊಟ ಗಂಟೆಗಟ್ಟಲೆ ಅಲ್ಲೇ ಕೂರುತ್ತದೆ. ಡೋಸ್ ಏರಿಸಿದ ವಾರಗಳಲ್ಲಿ ವಾಂತಿ ಹೆಚ್ಚು. ಗುರುವಾರ ರಾತ್ರಿಯಿಂದ ಶನಿವಾರದವರೆಗೆ ವಾಂತಿ, ನೀರೂ ನಿಲ್ಲಲಿಲ್ಲ. ಆದರೂ 'ಬಿಪಿ, ಶುಗರ್ ಗುಳಗಿ ಎಂದೂ ತಪ್ಪಿಸಬಾರದು' ಎಂಬ ಹಳೆಯ ಪಾಠದಂತೆ ಎಲ್ಲ ಗುಳಗಿ ನುಂಗಿದರು.

ಆ ಪಾಠ ಆರೋಗ್ಯವಾಗಿರುವ ದಿನಗಳದ್ದು. ವಾಂತಿ-ಭೇದಿಯ ದಿನಗಳಿಗೆ ಬೇರೆ ಪಾಠವಿದೆ, ಅದನ್ನು ಯಾರೂ ಹೇಳಿರಲಿಲ್ಲ. ನೀರು ಒಣಗಿದ ದೇಹದಲ್ಲಿ ಬಿಪಿ ಗುಳಗಿಯೊಳಗಿನ ಹೈಡ್ರೋಕ್ಲೋರೋಥಯಾಜೈಡ್, ಅಂದರೆ ಥಯಾಜೈಡ್, ಮೂತ್ರದ ಮೂಲಕ ಇನ್ನಷ್ಟು ನೀರು, ಉಪ್ಪು ಹೊರಹಾಕುತ್ತದೆ. ಟೆಲ್ಮಿಸಾರ್ಟನ್ ಕಿಡ್ನಿಯ ಸೋಸುವ ಒತ್ತಡವನ್ನು ಇಳಿಸುತ್ತದೆ. ಎರಡೂ ಸೇರಿ ಕಿಡ್ನಿ ಮುದುರುತ್ತದೆ. ಗ್ಲಿಮೆಪಿರೈಡ್ ಲಿವರ್‌ನಲ್ಲಿ ಒಡೆದಾಗ ಹುಟ್ಟುವ ಅಂಶಕ್ಕೂ ಸಕ್ಕರೆ ಇಳಿಸುವ ಗುಣವಿದೆ, ಅದು ಹೊರಹೋಗುವುದು ಮುಖ್ಯವಾಗಿ ಕಿಡ್ನಿಯಿಂದ. ಕಿಡ್ನಿ ಕೈಕೊಟ್ಟರೆ ಅದು ದೇಹದಲ್ಲೇ ಉಳಿದು ಕೆಲಸ ಮುಂದುವರಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿಲ್ಲ, ಇನ್ಸುಲಿನ್ ಮಾತ್ರ ಹಿಂಡುತ್ತಲೇ ಇದೆ.

ಭಾನುವಾರ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಗ್ಲುಕೋಮೀಟರ್ 38. ಮನೆಯವರು ಬಾಯಿಗೆ ಸಕ್ಕರೆ ನೀರು ಹಾಕಲು ಹೋದರು. ಪ್ರಜ್ಞೆ ಸರಿಯಿಲ್ಲದವರಿಗೆ ಹೀಗೆ ಮಾಡಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡುವುದೇ ಸರಿ, ಕೊನೆಗೆ ಹಾಗೆಯೇ ಮಾಡಿದರು.

ಆಸ್ಪತ್ರೆಯಲ್ಲಿ

25 ಪ್ರತಿಶತ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) 100 ಮಿ.ಲೀ. ನರಕ್ಕೆ ಕೊಟ್ಟಾಗ ಹತ್ತು ನಿಮಿಷದಲ್ಲಿ ಕಣ್ಣು ಬಿಟ್ಟರು. ಒಂದೂವರೆ ಗಂಟೆಯಲ್ಲಿ ಸಕ್ಕರೆ ಮತ್ತೆ 61ಕ್ಕೆ ಇಳಿಯಿತು. ಸಲ್ಫೋನಿಲ್‌ಯೂರಿಯದಿಂದ ಕುಸಿದವರನ್ನು 'ಎಚ್ಚರವಾಯಿತಲ್ಲ' ಎಂದು ಮನೆಗೆ ಕಳಿಸಬಾರದು ಎನ್ನುವುದು ಇದಕ್ಕೇ. 10 ಪ್ರತಿಶತ ಡೆಕ್ಸ್‌ಟ್ರೋಸ್ ಹನಿ ಹಾಕಿ ಎರಡು ದಿನ ಗಂಟೆಗಂಟೆಗೆ ನೋಡಿಕೊಂಡರು. ಕ್ರಿಯಾಟಿನಿನ್ 1.9, ಅಂದರೆ ಕಿಡ್ನಿಯ ಸೋಸುವ ಸಾಮರ್ಥ್ಯ, ಇಜಿಎಫ್‌ಆರ್, ಸುಮಾರು 80ರಿಂದ 33ಕ್ಕೆ ಬಿದ್ದಿತ್ತು. ಸೋಡಿಯಂ 131. ಲೈಪೇಸ್ ಪರೀಕ್ಷೆಯಲ್ಲಿ ಪ್ಯಾಂಕ್ರಿಯಾಟೈಟಿಸ್ ಲಕ್ಷಣ ಇಲ್ಲ, ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲಿಲ್ಲ. ಈ ಔಷಧದ ಮೇಲಿರುವವರಿಗೆ ವಾಂತಿ ಬಂದಾಗ ಇವೆರಡನ್ನೂ ನೋಡಲೇಬೇಕು. ಸಲೈನ್ ಕೊಟ್ಟ ಮೇಲೆ ಮೂರನೇ ದಿನ ಕ್ರಿಯಾಟಿನಿನ್ 1.2, ಹನ್ನೆರಡನೇ ದಿನ 0.9.

ದಾಖಲಾದ ಹತ್ತನೇ ನಿಮಿಷಕ್ಕೆ ಡ್ಯೂಟಿ ವೈದ್ಯರು ಕೇಳಿದ್ದು: "ಮನಿಯಾಗಿನ ಗುಳಗಿ ಎಲ್ಲಾ ಒಂದ್ ಚೀಲಕ್ಕ ಹಾಕ್ಕೊಂಡು ಬರ್ರಿ." ಚೀಲ ಬಂತು, ಸ್ಟ್ರಿಪ್ ತಿರುಗಿಸಿದರು, ರೋಗನಿರ್ಣಯ ಅಲ್ಲಿಗೆ ಮುಗಿಯಿತು. ಏಳು ವಾರ ಹಿಂದೆ ಕ್ಯಾಮೆರಾ ಎದುರು ಇದಕ್ಕೆ ಹಿಡಿಯುತ್ತಿದ್ದದ್ದು ನಲವತ್ತು ಸೆಕೆಂಡು.

ಎಲ್ಲೆಲ್ಲಿ ತಪ್ಪಿತು

ಇಂಜೆಕ್ಷನ್ ಆರಂಭಿಸುವ ದಿನವೇ ಗ್ಲಿಮೆಪಿರೈಡ್ ಅರ್ಧಕ್ಕಿಳಿಯಬೇಕಿತ್ತು. 7.2 ಇದ್ದ ಇವರಿಗೆ ಪೂರ್ತಿ ನಿಲ್ಲಿಸುವುದೇ ಸೂಕ್ತವಾಗಿತ್ತು. ಜೋಡಿ ಮಾತ್ರೆಯ ಕಷ್ಟವೆಂದರೆ ಒಂದನ್ನು ಮಾತ್ರ ಬಿಡಲಾಗುವುದಿಲ್ಲ. ಹೊಸದಾಗಿ ಬರಿ ಮೆಟ್‌ಫಾರ್ಮಿನ್ ಬರೆಯಬೇಕು, ಹಳೆಯದನ್ನು ನಿಲ್ಲಿಸಿ ಎಂದು ಬ್ರ್ಯಾಂಡ್ ಹೆಸರು ಹಿಡಿದು ಹೇಳಬೇಕು. 'ಉಳಿದ ಮಾತ್ರೆ ಮುಂದುವರಿಸಿ' ಎಂಬ ಸಾಲು ಚೀಟಿಯಲ್ಲಿ ನಿರಪಾಯವಾಗಿ ಕಾಣುತ್ತದೆ. ಯಾವ ಮಾತ್ರೆ ಎಂದು ತಿಳಿಯದೆ ಬರೆದಾಗ ಅದೇ ಅತಿ ಅಪಾಯದ ಸಾಲು.

ನಿಯಮದ ಕಡೆಯಿಂದ ನೋಡಿದರೆ ಕಾಗದಪತ್ರ ಬಹುಪಾಲು ಸರಿಯಿತ್ತು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಔಷಧಗಳನ್ನು ಪಟ್ಟಿಗಳಾಗಿ ವಿಂಗಡಿಸುತ್ತದೆ. 'ಎ' ಪಟ್ಟಿಯವನ್ನು ಮೊದಲ ಭೇಟಿಯಲ್ಲಿ ಬರೆಯಲು ವಿಡಿಯೊ ಕಡ್ಡಾಯ, ಅದು ನಡೆದಿತ್ತು. ನೋಂದಣಿ ಸಂಖ್ಯೆಯೂ ಚೀಟಿಯಲ್ಲಿತ್ತು. ಅದನ್ನು ವೈದ್ಯಕೀಯ ಮಂಡಳಿಯ ದಾಖಲೆಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು, ನೋಡುವುದು ಒಳ್ಳೆಯದು. ಸಾಕಷ್ಟು ಮಾಹಿತಿ ಇಲ್ಲವೆನಿಸಿದರೆ ನೇರ ಭೇಟಿಗೆ ಕಳಿಸುವ ತೀರ್ಮಾನವನ್ನು ಮಾರ್ಗಸೂಚಿ ವೈದ್ಯರ ವಿವೇಚನೆಗೇ ಬಿಟ್ಟಿದೆ. ಯಂತ್ರಬುದ್ಧಿಯ ವೇದಿಕೆಗಳು ತಾವೇ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಎಂದೂ ಹೇಳಿದೆ. ಆದರೆ 5 ಮಿ.ಗ್ರಾಂಗೆ ಏರಿಸಿದ್ದು ವಾಸ್ತವದಲ್ಲಿ ಯಾರು? ಮೊದಲ ದಿನ ಬರೆದಿಟ್ಟ ಚೀಟಿ, ಅದನ್ನು ನೆನಪಿಟ್ಟುಕೊಂಡ ಕ್ಯಾಲೆಂಡರ್. ಆ ನಾಲ್ಕು ವಾರಗಳಲ್ಲಿ ರೋಗಿಗೆ ಏನಾಯಿತೆಂದು ವೈದ್ಯರು ಕೇಳದೆ ಹೋದ ಡೋಸ್ ಅದು.

ಜಾಹೀರಾತಿನ ಬಗ್ಗೆ ಒಂದು ಮಾತು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜೂ ಇದೆ. ಬೊಜ್ಜು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ಫೋನ್ ಪರದೆಯನ್ನು ನೋಡಿದರೆ ಆ ಕಾಯ್ದೆ ಇದೆಯೆಂದು ನಂಬುವುದು ಕಷ್ಟ.

ಮರುಜೋಡಣೆ

ಗ್ಲಿಮೆಪಿರೈಡ್ ಶಾಶ್ವತವಾಗಿ ನಿಂತಿತು. ಥಯಾಜೈಡ್ ಕೂಡ. ಹನ್ನೆರಡನೇ ದಿನ ಕಿಡ್ನಿ ಸರಿಹೋದ ಮೇಲೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಎರಡು ಹೊತ್ತು. ಮೂರನೇ ವಾರ ಬಿಪಿ 138/86 ಬಂದಾಗ ಟೆಲ್ಮಿಸಾರ್ಟನ್ 40 ಒಂಟಿಯಾಗಿ ಮರಳಿತು. ಕಣ್ಣಿನ ಪರೀಕ್ಷೆಯಲ್ಲಿ ರೆಟಿನೋಪತಿಯ ಆರಂಭದ ಲಕ್ಷಣ ಕಂಡದ್ದರಿಂದ ಆರು ತಿಂಗಳಿಗೊಮ್ಮೆ ನೋಡಬೇಕೆಂದಾಯಿತು.

ಇಂಜೆಕ್ಷನ್ ಬಿಡಬೇಕೆ? ಮನೆಯವರಿಗೆ ಹಾಗನ್ನಿಸಿದ್ದು ಸಹಜ. ಆದರೆ ಕುಸಿತಕ್ಕೆ ಮುಖ್ಯ ಕಾರಣ ಗ್ಲಿಮೆಪಿರೈಡ್, ಅದು ಹೋಗಿದೆ. ವಾಂತಿಗೆ ಕಾರಣ ಡೋಸ್ ಮತ್ತು ಮದುವೆಯೂಟ. ಮೂರು ಡೋಸ್ ತಪ್ಪಿದ್ದರಿಂದ 5ಕ್ಕೆ ನೇರ ಹೋಗದೆ 2.5ರಿಂದಲೇ ಮತ್ತೆ ಶುರು. ಒಂದೇ ಡೋಸ್ ಮರೆತರೆ ನಾಲ್ಕು ದಿನದೊಳಗೆ ತೆಗೆದುಕೊಳ್ಳಬಹುದು, ದಾಟಿದರೆ ಬಿಟ್ಟು ಮುಂದಿನ ವಾರಕ್ಕೆ ಕಾಯಬೇಕು. ಎರಡು ಡೋಸ್‌ಗಳ ನಡುವೆ ಕನಿಷ್ಠ ಮೂರು ದಿನ ಇರಬೇಕು. ಮಂಗಳವಾರದ ಬದಲು ಶನಿವಾರ ರಾತ್ರಿ ಆರಿಸಿದರು, ಓಕರಿಕೆ ಹೆಚ್ಚಿರುವ ಮರುದಿನ ಶಾಲೆ ಇರುವುದಿಲ್ಲವೆಂದು.

ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿ ಹೀಗಿತ್ತು: 'ಎರಡು ಬಾರಿಗಿಂತ ಹೆಚ್ಚು ವಾಂತಿ ಅಥವಾ ಭೇದಿ ಆದರೆ, ಅಂದು ಮೆಟ್‌ಫಾರ್ಮಿನ್ ಇಲ್ಲ, ಬಿಪಿ ಗುಳಗಿ ಇಲ್ಲ, ವೈದ್ಯರಿಗೆ ಫೋನ್. ಓಆರ್‌ಎಸ್ ಗುಟುಕು ಗುಟುಕಾಗಿ. ಎಂಟು ಗಂಟೆ ಮೂತ್ರ ಬಾರದಿದ್ದರೆ, ಬೆನ್ನಿಗೆ ಹಾಯುವ ಹೊಟ್ಟೆನೋವು ಬಂದರೆ ಆಸ್ಪತ್ರೆ. ಮುಂದಿನ ಇಂಜೆಕ್ಷನ್ ಕೇಳದೆ ಬೇಡ.' ಯಾವುದಾದರೂ ಆಪರೇಷನ್ನಿಗೆ ಅರಿವಳಿಕೆ ಕೊಡುವ ಮುನ್ನ ಈ ಇಂಜೆಕ್ಷನ್ ವಿಷಯ ಹೇಳಬೇಕೆಂಬ ಸಾಲೂ ಕೊನೆಗಿತ್ತು. ಹೊಟ್ಟೆ ಖಾಲಿಯಿದೆ ಎಂದು ಅರಿವಳಿಕೆ ಕೊಡುವ ವೈದ್ಯರು ನಂಬಿರುತ್ತಾರೆ, ಅದು ಖಾಲಿ ಇರದೇ ಹೋಗಬಹುದು.

ಆಹಾರಪಟ್ಟಿಯಲ್ಲಿ ಕ್ಯಾಲರಿ ಲೆಕ್ಕವನ್ನೇ ಕೈಬಿಟ್ಟು ಪ್ರೋಟೀನ್ ಲೆಕ್ಕ ಹಿಡಿದರು. ಈ ಔಷಧದಲ್ಲಿ ಇಳಿಯುವ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶ, ಅದರಲ್ಲಿ ಸ್ನಾಯುವೂ ಸೇರಿದೆ. ಹಸಿವಿಲ್ಲದವರು ಮೊದಲು ಬಿಡುವುದು ಕಾಳು, ಬೇಳೆ. ಗುರಿ ದಿನಕ್ಕೆ 65 ಗ್ರಾಂ. ಜೋಳದ ರೊಟ್ಟಿ ಎರಡು (10), ಹೆಸರುಕಾಳು ಒಣಗಿದ್ದು 40 ಗ್ರಾಂ ತೂಕದ ಪಲ್ಯ (10), ಮೊಸರು 300 ಗ್ರಾಂ (10), ಪನೀರ್ 75 ಗ್ರಾಂ (13), ಸೋಯಾ ಚಂಕ್ಸ್ 25 ಗ್ರಾಂ (13), ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, 20 ಗ್ರಾಂ (5), ಹಾಲು ಒಂದು ಸಣ್ಣ ಲೋಟ (5). ತಟ್ಟೆಯಲ್ಲಿ ಮೊದಲು ತಿನ್ನುವುದು ಪಲ್ಯ ಮತ್ತು ಪನೀರ್, ಹೊಟ್ಟೆಯಲ್ಲಿ ಜಾಗ ಉಳಿದರೆ ರೊಟ್ಟಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು. ಜಿಮ್ ಎಂಬ ಮಾತೇ ಬರಲಿಲ್ಲ.

28 ವಾರದ ಹೊತ್ತಿಗೆ, 5 ಮಿ.ಗ್ರಾಂನಲ್ಲೇ, ತೂಕ 78.5. ಆರಂಭದಿಂದ 8.7 ಪ್ರತಿಶತ. ಎಚ್‌ಬಿಎ1ಸಿ 6.4, ಒಮ್ಮೆಯೂ 70ಕ್ಕಿಂತ ಕೆಳಗೆ ಹೋಗಲಿಲ್ಲ. 7.5ಕ್ಕೆ ಏರಿಸುವ ಚರ್ಚೆ ಬಂತು. ತೂಕ ಇನ್ನೂ ಇಳಿಯುತ್ತಿರುವಾಗ ಏರಿಸಬೇಕಾದ ಅಗತ್ಯವಿಲ್ಲ ಎಂದು ಬಿಟ್ಟರು.

ಹಣದ ಲೆಕ್ಕ ಉಳಿದಿದೆ. ಸರ್ಮೌಂಟ್-4ರಲ್ಲಿ 36 ವಾರ ಔಷಧ ಪಡೆದು 20.9 ಪ್ರತಿಶತ ಇಳಿದವರಲ್ಲಿ, ಆಮೇಲೆ ಔಷಧ ನಿಲ್ಲಿಸಿದ ಗುಂಪಿನ ತೂಕ ಒಂದು ವರ್ಷದಲ್ಲಿ 14 ಪ್ರತಿಶತ ಮತ್ತೆ ಏರಿತು. ಹಾಗಾಗಿ 'ಆರು ತಿಂಗಳ ಪ್ಯಾಕೇಜ್' ಎಂಬುದು ಮಾರಾಟದ ಅವಧಿ, ಚಿಕಿತ್ಸೆಯ ಅವಧಿಯಲ್ಲ. 2026ರ ಮಾರ್ಚ್‌ನಲ್ಲಿ ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಮುಗಿಯಲಿದ್ದುದರಿಂದ, ಮುಂದೆ ಕೈಗೆಟುಕದಿದ್ದರೆ ಅದಕ್ಕೆ ಬದಲಾಯಿಸುವ ದಾರಿಯನ್ನು ಕಡತದಲ್ಲಿ ಬರೆದಿಟ್ಟರು. ಬದಲಾಯಿಸುವಾಗ ಮತ್ತೆ ಕನಿಷ್ಠ ಡೋಸ್‌ನಿಂದ, ವೈದ್ಯರ ಕರೆಯೊಂದಿಗೆ.

ಇಂಜೆಕ್ಷನ್ ನಿಂತು ಶುಗರ್ ಏರಿದರೆ ಮನೆಯಲ್ಲಿ ಉಳಿದಿರುವ ಹಳೆಯ ಗುಳಗಿ ತಾವೇ ಶುರು ಮಾಡುವ ಅಪಾಯವೊಂದಿತ್ತು. ಕಪಾಟಿನ ಸ್ಟೀಲ್ ಡಬ್ಬಿಯಲ್ಲಿ ಒಡೆಯದ ನಾಲ್ಕು ಸ್ಟ್ರಿಪ್ ಸಿಕ್ಕವು. ಬಿಲ್ ಇದ್ದದ್ದರಿಂದ ಮೆಡಿಕಲ್ ಶಾಪ್‌ನವರು ಮೂರನ್ನು ವಾಪಸ್ ತೆಗೆದುಕೊಂಡರು, ನಾಲ್ಕನೆಯದರ ಅವಧಿ ಮುಗಿದಿತ್ತು.